ನಾಕು ಬೆರಳ ಅರಿವಿ

ಬನಹಟ್ಟಿಯೊಳಗ ಮಾತಂದ್ರ ಒದರೂದು.
ಗ್ವಾಡಿಗೆ ಗ್ವಾಡಿ ಹತ್ತಿದ ಮನಿ, ಮನಿಗೆರಡು ಮಗ್ಗ,
ಖಟಕ್ ಪಟಕ್ ಖಟಕ್ ಪಟಕ್.
ಕೂಸುಗೋಳು ಅದರಾಗ ಮಲಗ್ತಾವು, ಮುದುಕ್ರು ಅದರಾಗ ಸಾಯ್ತಾರ,
ನಾನು ಕಂಡಿಕಿ ಸುತಗೋತ ಅದರಾಗ ಪಿಯುಸಿ ಓದೀನಿ.

ಮಗ್ಗದ ಸಪ್ಪಳದಾಗ ಯಾರಿಗೂ ಏನರೆ ಕೇಳಸ್ತೈತಿ.
ಅವ್ವಗ ಬಾಗಲಾ ಬಡದಂಗ,
ನನಗ ಕುಕ್ಕರ್ ಸೀಟಿ ಹೊಡದಂಗ.
ಹಂಗಾಗಿ ಚಿದು, "ಅಕ್ಕಾ, ಯಾರೋ ನನ್ನ ಹೆಸರ ಹಿಡದು ಕರೀತಾರ" ಅಂದಾಗ
ನಕ್ಕೆ. "ಓ ಅನ್ನು, ಚಾ ಕುಡಸ್ತಾರ" ಅಂದೆ.

ಅದು ಶ್ರಾವಣ.
ದಸರಾಕ್ಕ ಅಂವ ಕ್ಯಾರಮ್ ಬಿಟ್ಟ,
ದೀವಳಿಗಿಗೆ ಗೆಳ್ಯಾರನ್ನ.
ಡಿಪ್ಲೊಮಾ ವಹಿಯ ಹಿಂದಿನ ಹಾಳ್ಯಾಗ
ಬಸ್ಸಿನ ನಂಬರ್ ಬರಕೋಳಾಕ ಹತ್ತಿದ.
ಜಮಖಂಡಿ ಬಸ್ಸು, ತೇರದಾಳ ಬಸ್ಸು; ಒಂದರ ಕೆಳಗ ಕೆಂಪ ಗೆರಿ:
"ಇದು ನನ್ನ ಸಲುವಾಗಿ ಬಂದಿತ್ತು."
ರೊಟ್ಟಿ ಅರ್ಧಾ ತಿಂದು ಇನ್ನರ್ಧಾ ಮೂಸಿ ನೋಡ್ತಿದ್ದ.
ಹರೇದ ಹುಡುಗ, ಅಂದ್ರು. ಪರೀಕ್ಷಾದ ಚಿಂತಿ, ಅಂದ್ರು.
ಲಗ್ನಾ ಮಾಡಿದ್ರ ಸರಿ ಹೋಗ್ತಾನ, ಅಂದ್ಲು ಸೋದರತ್ತಿ,
ಕಾಡಪ್ಪ ಕಾಕಾಗೂ ಹಿಂಗ ಅಂದಿದ್ದಾಕಿ.

ಕಾಕಾ.
ಆರ ವರ್ಷ ದಿನಾ ನೋಡಿದ್ವಿ, ಒಂದಿನಾನೂ ಕಾಣಲಿಲ್ಲ.
ಕಂಡಾಗ ತಾಯತದ ದಾರ ತೋಳಿನ ಮಾಂಸದಾಗ ಇಳದಿತ್ತು,
ಬಾಯಾಗ ನಮ್ಮ ಹೆಸರಿದ್ದಿಲ್ಲ.
ಈಗ ಗುಳಿಗಿ ನುಂಗತಾನ, ಅಟ್ಟದ ಮ್ಯಾಲ ಕೂಡತಾನ,
ಒಳ್ಳೇ ಮನಶಾ. ತಡಾ ಆತು, ಅಷ್ಟ.

ಒಂದಿನ ಸಂಜಿಮುಂದ ಕರೆಂಟ್ ಹೋತು.
ಊರಿಗೆ ಊರ ನಿಂತು, ಸಾವಿರ ಲಾಳಿ ಅಲ್ಲಲ್ಲೇ.
ಇಂಥಾ ಹೊತ್ತಿನ್ಯಾಗ ನಮಗ ನಮ್ಮ ಉಸರು ಕೇಳ್ತೈತಿ,
ಮಗ್ಗಲಮನಿ ಅಜ್ಜನ ಕೆಮ್ಮು, ಎಲ್ಲೋ ಕೊಡಾ ಇಟ್ಟ ಸಪ್ಪಳ.
ಚಿದು ಮಾತ್ರ ಕಿವಿ ಮುಚಗೊಂಡು ಕುಂತಿದ್ದ.
"ನಿಂತಿಲ್ಲಕ್ಕಾ," ಅಂದ. "ನಿನಗ ನಿಂತತೇನು?"

ನಗಲಿಲ್ಲ ನಾನು.

ನಮ್ಮ ಮಗ್ಗ ಹಳೇವು. ಎಳಿ ಹರದರ ತಾವ ನಿಲ್ಲೂ ಜಾತಿಯವಲ್ಲ,
ಇಲ್ಲದ ಎಳಿ ಬಿಟಗೊಟ್ಟು ನೇಕೋತನ ಹೊಕ್ಕಾವು.
ಅಪ್ಪ ಕಲಿಸಿದ್ದು ಇಷ್ಟ:
ನಾಕು ಬೆರಳ ಅರಿವಿಯೊಳಗ ಕಂಡ್ರ ಗಂಟು ಹಾಕು,
ನಾಕು ವಾರ ಆದಮ್ಯಾಲ ಕಂಡ್ರ ಅತ್ತು ಉಪಯೋಗಿಲ್ಲ.

ಬಾಗಲಕೋಟಿ ದವಾಖಾನಿ, ಮಂಗಳವಾರ, ಹದಿನೇಳನೇ ಖೋಲಿ.
ಡಾಕ್ಟರಮ್ಮ ನನ್ನ ವಾರಿಗೀಯಾಕಿ. ಸಾವಕಾಶ ಕೇಳಿದ್ಲು:
ನಿದ್ದಿ ಹೆಂಗ? ಗಾಂಜಾ ಗೀಂಜಾ? ಮನಿಯೊಳಗ ಯಾರಿಗರೆ?
"ಕರೀತಾರಲ್ಲ, ಅದು ಖರೇನೋ ಸುಳ್ಳೋ, ಸಂಶೆ ಬರತೈತೇನು?"
"ಬರತೈತ್ರಿ," ಅಂದ ಚಿದು, "ಅರ್ಧಾ."
ಆ ಅರ್ಧಾಕ್ಕ ಆಕಿ ಪೆನ್ನು ಗಕ್ಕನ ನಿಂತು,
ಹರದ ಎಳಿಯ ತುದಿ ಬೆರಳಿಗೆ ಸಿಕ್ಕಾಂಗ.

"ಜಡ್ಡು ಅಂತ ನಾ ಅನ್ನೂದಿಲ್ಲ," ಅಂದ್ಲು.
"ಬಂದರೂ ಬರಬಹುದು, ಬರದನೂ ಹೋಗಬಹುದು.
ನಿದ್ದಿ ಕೆಡಬ್ಯಾಡ. ಹದಿನೈದಿನಕ್ಕೊಮ್ಮೆ ಬಾ. ಒಬ್ಬಾವನ ಇರಬ್ಯಾಡ."
ಅವ್ವ ಕೇಳಿದ್ಲು: ಹಂಗಾದ್ರ ಚೀಟಿ ಮ್ಯಾಲ ಏನ ಬರದೀರಿ?
"ಏನಿಲ್ರಿ. ಬರೇ ಮುಂದಿನ ತಾರೀಖು."

ಬರೂವಾಗ ಚಿದು ಕಿಡಕಿ ಹಂತ್ಯಾಕ ಕುಂತು
ನಂಬರ್ ಬರಿಲಿಲ್ಲಂತೇನಲ್ಲ. ಬರದ.
ಆದರ ಈ ಸಲ ವಹಿ ನನಗ ತೋರಿಸಿದ.

ಅಂವನ್ನ ನಾ ಕಾಯ್ತೀನಿ, ನನ್ನ ಕಾಯಾವ್ರು ಯಾರು?
ಕಾಕಾನ ನೂಲು ನನ್ನ ಹಾಸಿನ್ಯಾಗೂ ಐತಿ.
ರಾತ್ರಿ ಪಾಳಿಯೊಳಗ ಒಮ್ಮೊಮ್ಮೆ
"ದಾನವ್ವಾ" ಅಂದಂಗ ಆಗತೈತಿ.
ಎದ್ದು ಗುಂಡಿ ಒತ್ತಿ ಮಗ್ಗ ನಿಲ್ಲಸ್ತೀನಿ.
ಕಿವಿಗೊಟ್ಟು ನಿಲ್ತೀನಿ.
ಅಟ್ಟದ ಮ್ಯಾಲ ಕಾಕಾ ಮಗ್ಗಲಾ ಹೊಳ್ಳಿದ್ದು,
ಕೆಳಗ ಚಿದುನ ನಿದ್ದಿಯ ಉಸರು,
ಮತ್ತ ಒಲಿ ಮುಂದಿನಿಂದ ಅವ್ವ, ಖರೇನ:
ರೊಟ್ಟಿ ಆರತಾವು, ಬಾ.